ಎಡಕ್ಕೆ ಬಿದ್ದ ಎಸಳು

ಕರಿಕಲ್ಲಿಗೆ ಎಣ್ಣೆಯ ಜಿಡ್ಡು ಹತ್ತಿ, ಅದರ ಮೇಲೆ ತಣ್ಣೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಕುಷ್ಟಗಿಯ ನನ್ನ ಮನೆಯಲ್ಲಿ ಅಡುಗೆಕಟ್ಟೆಯ ಕಲ್ಲು ತೊಳೆಯುವಾಗ ಈಗಲೂ ಅದು ಮೂಗಿಗೆ ಬರುತ್ತದೆ, ಕೈ ಅಲ್ಲಿಗೇ ನಿಲ್ಲುತ್ತದೆ. ಅದು ನಮ್ಮ ಮನೆದೇವರ ವಾಸನೆ. ಯಲಬುರ್ಗಾ ತಾಲೂಕಿನ ಒಂದು ಎರೆಭೂಮಿಯ ಹಳ್ಳಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗೋಡೆಗಳು ಎಷ್ಟು ದಪ್ಪವೆಂದರೆ ಹೊರಗೆ ಬಿಸಿಲು ಸುಡುತ್ತಿದ್ದರೂ ನಡುಮನೆಯಲ್ಲಿ ಹಗಲೇ ಕತ್ತಲು. ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲುಕೋಲು ಇಳಿದು ಜಗಲಿಯ ಮೇಲೆ ಬೀಳುತ್ತಿತ್ತು. ಜಗಲಿ ಎಂದರೆ ನಮ್ಮ ಕಡೆ ದೇವರ ಕಟ್ಟೆ. ಅಲ್ಲಿ ಕೂತವನು ಈರಣ್ಣ ದೇವರು, ಗೇಣುದ್ದದ ಕರಿಕಲ್ಲು. ಹಬ್ಬಕ್ಕೆ ಮಾತ್ರ ಬೆಳ್ಳಿಯ ಮುಖ ಹಾಕುತ್ತಿದ್ದರು. ಉಳಿದ ದಿನಗಳಲ್ಲಿ ಅವನಿಗೆ ಕಣ್ಣಿಲ್ಲ, ಬಾಯಿಲ್ಲ. ನನಗೆ ಹೆಚ್ಚು ಹೆದರಿಕೆಯಾಗುತ್ತಿದ್ದುದು ಆ ದಿನಗಳಲ್ಲೇ.

ಬಾಯಿಲ್ಲದ ಆ ದೇವರು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದ ಮುದುಕಿ, ಅವನನ್ನು ಕೇಳದೆ ಒಂದು ಹುಲ್ಲುಕಡ್ಡಿಯನ್ನೂ ಕದಲಿಸುತ್ತಿರಲಿಲ್ಲ. ಹೊಸ ಎತ್ತು ತರಬೇಕೋ ಬೇಡವೋ, ತಾವರಗೇರಾದ ಸಂಬಂಧ ಒಪ್ಪಬೇಕೋ ಬಿಡಬೇಕೋ, ಎಲ್ಲಕ್ಕೂ ಪ್ರಸಾದ ಕೇಳಬೇಕು. ಬಿಳಿ ಕಣಗಿಲೆಯ ಎರಡು ಎಸಳನ್ನು ನೀರಲ್ಲಿ ಅದ್ದಿ ಕಲ್ಲಿನ ಬಲಕ್ಕೊಂದು, ಎಡಕ್ಕೊಂದು ಹಚ್ಚಿ ಕಾಯುವುದು. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಎಸಳು ಹಚ್ಚುವವಳು ಇನ್ನೂ ಮೈನೆರೆಯದ ಹುಡುಗಿಯಾಗಿರಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ನನಗಿಂತ ಮೊದಲು ಆ ಕೆಲಸ ಅಪ್ಪನ ತಂಗಿ ಗಿರಿಜತ್ತೆಯದು. ಅವಳು ದೊಡ್ಡವಳಾದ ಮೇಲೆ ಅದು ನನ್ನ ಪಾಲಿಗೆ ಬಂತು. ಕಲಿಸಿದವಳೂ ಅವಳೇ. “ಎರಡೂ ಕಡಿ ಸಮ ನೀರು ಹಚ್ಚಬೇಕು ನೋಡವಾ ಸಂಗಿ. ಒಂದ ಕಡಿ ಕಮ್ಮಿ ಆತಂದ್ರ ಅಂವನ ಬಾಯಾಗ ನಮ್ಮ ಮಾತು ಇಟ್ಟಂಗ ಆಕ್ಕೈತಿ.” ನಾನು ತಲೆಯಾಡಿಸಿದ್ದೆ. ಎಷ್ಟು ದೊಡ್ಡ ಅಧಿಕಾರ ಕೈಗೆ ಬಂದಿದೆ ಎಂದು ತಿಳಿಯುವ ವಯಸ್ಸಲ್ಲ ಅದು.

ನನಗೆ ಏಳು ವರ್ಷವಾಗಿದ್ದಾಗ ಅವ್ವನಿಗೆ ಹೊಟ್ಟೆಯ ಬೇನೆ ಬಂತು. ದವಾಖಾನೆಗೆ ಒಯ್ಯಲೇ ಎಂದು ಆಯಿ ದೇವರನ್ನು ಕೇಳಿದಳು. ನಾನು ಎರಡೂ ಕಡೆ ಸಮ ನೀರು ಹಚ್ಚಿ, ಕೈಕಟ್ಟಿ ಕೂತೆ. ಬಲದ ಎಸಳು ಬಿತ್ತು. ಅಪ್ಪ ಚಕ್ಕಡಿ ಹೂಡಿದ, ಅವ್ವ ಕೌದಿಯ ಮೇಲೆ ಮಲಗಿ ನನ್ನತ್ತ ಕೈಯೆತ್ತಿದಳು. ಮೂರನೆಯ ದಿನ ಅದೇ ಚಕ್ಕಡಿ ತಿರುಗಿ ಬಂತು, ಅವ್ವ ಕಣ್ಣು ತೆರೆಯಲಿಲ್ಲ. ಬಹಳ ತಡವಾಗಿ ಒಯ್ದಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆಗ ತಿಳಿದದ್ದು ಇಷ್ಟೇ: ದೇವರು ಹೋಗು ಅಂದ, ಅವ್ವ ಹೋದಳು, ಹೋದವಳು ಬರಲಿಲ್ಲ. ದೇವರಿಲ್ಲ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ದೇವರಿಗೆ ತಪ್ಪಿತು ಅನ್ನಿಸಿತು. ಅಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಇದಕ್ಕಿಂತ ಬೇರೆ ಯೋಚನೆ ಬರುವುದು ಕಷ್ಟ. ಆಮೇಲೆ ನನ್ನ ತಲೆ ಬಾಚಿದವಳು, ಉಣ್ಣಿಸಿದವಳು, ಜ್ವರ ಬಂದರೆ ಮಗ್ಗುಲಲ್ಲಿ ಮಲಗಿಸಿಕೊಂಡವಳು ಗಿರಿಜತ್ತೆಯೇ. ಅವಳ ಮದುವೆಯಾಗಿ ಕನಕಗಿರಿಗೆ ಹೊರಟ ದಿನ ನಾನು ಕಾಳು ತುಂಬಿಡುವ ಹಗೇವಿನ ಬಾಯಿಯ ಕಲ್ಲಿನ ಮೇಲೆ ಕೂತು ಅತ್ತದ್ದು ಇನ್ನೂ ನೆನಪಿದೆ.

ಮರುವರ್ಷ ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ನನಗೆ ಆಗ ಒಂಬತ್ತು. ಮನೆಯಲ್ಲಿ ಮತ್ತೆ ನಗುವಿತ್ತು. ಆದರೆ ದಿನ ತುಂಬುತ್ತ ಬಂದ ಹಾಗೆ ಅವಳ ಕಾಲು ಬಾತವು, ಬಳೆಗಳು ಮುಂಗೈಯಲ್ಲಿ ಹೂತುಕೊಂಡವು. ಒಂದು ಸೋಮವಾರ ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, “ಕಣ್ಣಮುಂದ ಮಿಂಚ ಹೊಡದಂಗ ಆಗಾಕ ಹತ್ತೇತಿ” ಅಂದಳು. ಆಯಿ ಸೂಲಗಿತ್ತಿ ಹುಸೇನಬಿಯನ್ನು ಕರೆಸಿದಳು. ನಾನು ಹುಟ್ಟಿದ್ದೂ, ಗಿರಿಜತ್ತೆ ಹುಟ್ಟಿದ್ದೂ ಅವಳ ಕೈಯಲ್ಲೇ. ಹುಸೇನಬಿ ಅತ್ತೆಯ ಮೀನಖಂಡ ಒತ್ತಿ ನೋಡಿದಳು. ಬೆರಳು ಒತ್ತಿದ ಕಡೆ ಕುಳಿ ಬಿದ್ದದ್ದು ಹಾಗೇ ಉಳಿಯಿತು. “ಆಯಿ, ಇದು ನನ್ನ ಕೈಯಾಗಿಂದಲ್ರಿ,” ಅಂದಳು. “ಇಂಥಾವ್ರನ್ನ ನಾ ಮೊದಲು ನೋಡೇನಿ. ಕೊಪ್ಪಳ ದವಾಖಾನಿಗೆ ಒಯ್ರಿ. ನಾಳೆ ಅನಬ್ಯಾಡ್ರಿ, ಇವತ್ತ ಒಯ್ರಿ.” ಅಪ್ಪ ಕೂಡಲೇ ಎತ್ತು ಹೂಡಿದ. ಯಲಬುರ್ಗಾದವರೆಗೆ ಚಕ್ಕಡಿ, ಅಲ್ಲಿಂದ ಬಸ್ಸು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಕೌದಿ ಹಾಸಿದ. ಅದು ಅವ್ವನ ಅದೇ ಕೌದಿ. ಅದನ್ನು ನೋಡಿ ನಾನು ಗಿರಿಜತ್ತೆಯ ಸೆರಗು ಹಿಡಿದುಕೊಂಡೆ.

“ಒಂದ ಮಾತು ಅಂವನ್ನ ಕೇಳೂಣು,” ಅಂದಳು ಆಯಿ. “ಕೇಳೂದ ಬ್ಯಾಡಬೇ, ಹೊತ್ತಾಕ್ಕೈತಿ,” ಅಂದ ಅಪ್ಪ. ಆಯಿ ಅವನ ಮುಖವನ್ನೇ ನೋಡಿದಳು. ಅಪ್ಪ ತಲೆ ತಗ್ಗಿಸಿ ಹೊಸ್ತಿಲ ಹೊರಗೆ ಕೂತ. ನಾನು ಕೈಕಾಲು ತೊಳೆದು ಜಗಲಿಯ ಮುಂದೆ ಕೂತೆ. ಬೆನ್ನ ಹಿಂದೆ ಗಿರಿಜತ್ತೆಯ ಉಸಿರು ದೊಡ್ಡದಾಗಿ ಕೇಳುತ್ತಿತ್ತು. ಬಲದ ಎಸಳನ್ನು ನೀರಲ್ಲಿ ಚೆನ್ನಾಗಿ ಅದ್ದಿ, ಹೆಬ್ಬೆರಳಿನಿಂದ ಕಲ್ಲಿಗೆ ಒತ್ತಿ ಹಿಡಿದೆ. ಎಡದ್ದನ್ನು ನೀರಿಗೆ ಮುಟ್ಟಿಸಿದ ಹಾಗೆ ಮಾಡಿ, ಸೆರಗಿನಂತೆ ಹೊದ್ದಿದ್ದ ಟವೆಲ್ಲಿನ ಮರೆಯಲ್ಲಿ ಒರೆಸಿ ಹಚ್ಚಿದೆ. ಕಳ್ಳತನ ಅನ್ನಿಸಲಿಲ್ಲ. ದೇವರು ಹೋದ ಸಲ ಮಾಡಿದ ತಪ್ಪನ್ನು ಈ ಸಲ ಮಾಡದ ಹಾಗೆ ನೋಡಿಕೊಳ್ಳುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಆಯಿ ಕೈಮುಗಿದು ಕೇಳಿ ಮುಗಿಸುವ ಮೊದಲೇ ಎಡದ ಎಸಳು ಜಾರಿ ಬಿತ್ತು. ಅಷ್ಟು ಬೇಗ ಅವನು ಎಂದೂ ಉತ್ತರ ಕೊಟ್ಟಿರಲಿಲ್ಲ. ಆಯಿ ಗಲ್ಲ ಬಡಿದುಕೊಂಡಳು. ಹೊರಗೆ ಅಪ್ಪ ಎತ್ತಿನ ಕೊರಳಿನ ಹಗ್ಗ ಬಿಚ್ಚುವುದು ಕೇಳಿಸಿತು. ಹುಸೇನಬಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಆ ಮಧ್ಯಾಹ್ನ ಗಿರಿಜತ್ತೆ ನನ್ನನ್ನು ಹತ್ತಿರ ಕರೆದು ಬಲಗೈ ಹಿಡಿದು ಬೆರಳುಗಳನ್ನು ನೋಡಿದಳು. “ಎಡಕ್ಕ ನೀರು ಹಚ್ಚಿದ್ಯಲ್ಲ?” ಅಂದಳು. “ಹಚ್ಚಿದ್ದೆ,” ಅಂದೆ. ಅವಳು ನನ್ನ ಕೈ ಬಿಟ್ಟು, “ಹಂಗಾರ ಅಂವಂದ ಮಾತು. ನನಗೂ ಅಷ್ಟ ದೂರ ಹೋಗಾಕ ಅಂಜಿಕಿ ಇತ್ತವಾ,” ಎಂದು ನಕ್ಕಳು. ಬಾತ ಮುಖದಲ್ಲಿ ಆ ನಗು ಅವಳದೇ ಅನ್ನಿಸಲಿಲ್ಲ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಎತ್ತುಗಳು ಅಂಗಳದಲ್ಲೇ ಇದ್ದವು, ಸಂಜೆಗೂ ಒಂದು ಬಸ್ಸಿತ್ತು. ಕೌದಿ ಹಾಸಿದ ಚಕ್ಕಡಿ ಎರಡು ದಿನ ಹಾಗೇ ಬಾಗಿಲ ಮುಂದೆ ನಿಂತಿತ್ತು, ನಾನು ಅದರ ಪಕ್ಕದಲ್ಲೇ ಸಾಲೆಗೆ ಹೋಗಿ ಬಂದೆ.

ಬುಧವಾರ ಹೊತ್ತೇರುವಾಗ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು, ಹಲ್ಲು ಕಚ್ಚಿದವು, ಮೈಯೆಲ್ಲ ಎತ್ತೆತ್ತಿ ಹಾಕಿತು. ನಾಲ್ಕು ಜನ ಎತ್ತಿ ಚಕ್ಕಡಿಯಲ್ಲಿ ಮಲಗಿಸಿದರು. ಯಲಬುರ್ಗಾದ ಡಾಂಬರು ರಸ್ತೆ ಮುಟ್ಟುವ ಮೊದಲೇ ಅಪ್ಪ ಎತ್ತು ತಿರುಗಿಸಬೇಕಾಯಿತು. ಕೂಸೂ ಅವಳೊಳಗೇ ಉಳಿಯಿತು. ಮಣ್ಣು ಮಾಡಿ ಬಂದ ಮೇಲೆ ಆಯಿ ಪಡಸಾಲೆಯಲ್ಲಿ ಕೂತು, “ಅಂವ ಬ್ಯಾಡಂದ, ನಾವು ಕೇಳಿದ್ವಿ. ನಮ್ಮದೇನು ತಪ್ಪೈತಿ?” ಎಂದು ಬಂದವರಿಗೆಲ್ಲ ಹೇಳಿದಳು. ಹುಸೇನಬಿ ಒಬ್ಬಳೇ ಉತ್ತರ ಕೊಟ್ಟಳು. “ನಾ ಕಣ್ಣಿಲೆ ನೋಡಿ ಹೇಳಿದ್ನಲ್ರಿ ಆಯಿ. ಆ ಕಣ್ಣೂ ದೇವ್ರ ಕೊಟ್ಟದ್ದ ಐತಿ.” ಅಪ್ಪ ಅಂದಿನಿಂದ ಜಗಲಿಯ ಮುಂದೆ ಕೂಡಲಿಲ್ಲ. ಆಯಿ ಮಾತ್ರ ಕೇಳುವುದನ್ನು ಬಿಡಲಿಲ್ಲ. ಮೈನೆರೆಯುವವರೆಗೆ ಇನ್ನೂ ನಾಲ್ಕು ವರ್ಷ ನಾನೇ ಎಸಳು ಹಚ್ಚಿದೆ, ಎರಡಕ್ಕೂ ಹನಿ ಎಣಿಸಿ ನೀರು ಹಾಕಿದೆ. ಎಂಥ ಭಕ್ತಿ ನೋಡು ಎಂದು ಆಯಿ ಹಿಗ್ಗುತ್ತಿದ್ದಳು.

ಈಗ ಆಯಿಯಿಲ್ಲ, ಅಪ್ಪನಿಲ್ಲ, ಮಾಳಿಗೆ ಕುಸಿದು ಮನೆಯ ಜಾಗದಲ್ಲಿ ಜಾಲಿ ಬೆಳೆದಿದೆ. ಅಂಥ ಮನೆ ನಿಮಗೂ ಒಂದು ಇದ್ದಿರಬೇಕು, ಅದರ ಕತ್ತಲೆ ನಿಮ್ಮೊಳಗೂ ಸ್ವಲ್ಪ ಉಳಿದಿರಬೇಕು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಒದ್ದೆ ಎಸಳು ಕಲ್ಲಿಗೆ ಯಾಕೆ ಅಂಟುತ್ತದೆ, ಒಣಗಿದರೆ ಯಾಕೆ ಬೀಳುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಮನೆಗೆ ಬಂದು ಸ್ನಾನ ಮಾಡಿ ದೀಪ ಹಚ್ಚಿದೆ, ಸೋಮವಾರ ಉಪವಾಸ ಇದ್ದೆ. ಇದು ಬಾಲ್ಯದಲ್ಲಿ ಅಂಟಿದ ರೂಢಿ ಎಂದು ಜೊತೆಯ ಮಾಸ್ತರರು ನಗುತ್ತಿದ್ದರು. ಮೊನ್ನೆ ಮಗಳೂ ಅದನ್ನೇ ಕೇಳಿದಳು: “ಎಲ್ಲಾ ತಿಳದಾಕಿ ನೀ, ಖರೇನ ನಂಬ್ತಿ ಏನಬೇ?” ನಂಬುತ್ತೇನೆ ಅಂದೆ. ಯಾಕೆಂದು ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಅವನಿದ್ದರೆ ಆ ಸೋಮವಾರ ನನ್ನ ಬೆರಳನ್ನು ನೋಡಿದ್ದಾನೆ, ತಡೆಯಬಹುದಾಗಿತ್ತು, ತಡೆಯಲಿಲ್ಲ. ಗಿರಿಜತ್ತೆಯ ಸಾವಿನಲ್ಲಿ ಅವನ ಪಾಲೂ ಇದೆ ಎಂದುಕೊಂಡು ನಾನು ಉಂಡು ಮಲಗಿ ಇಷ್ಟು ವರ್ಷ ಬದುಕಿದ್ದೇನೆ. ಅವನಿಲ್ಲ ಎಂದಾದರೆ ಆ ಜಗಲಿಯ ಮುಂದೆ ಅವತ್ತು ಇದ್ದವಳು ನಾನೊಬ್ಬಳೇ.