ಏಣಿ ಅಕ್ಕನ ಶೆಡ್ಡು

ಏಣಿ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಶೆಡ್ಡಿನೊಳಗೆ ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಹರಟೆ ಹೊಡೆಯುತ್ತಿದ್ದವರೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಅದನ್ನು ಅವಳು ಮರ್ಯಾದೆ ಅಂದುಕೊಂಡಿದ್ದಳು.

ಅವಳ ಅಪ್ಪ ಶುರು ಮಾಡಿದ ಕಬ್ಬಿಣದ ಏಣಿಯ ಕಾರ್ಖಾನೆ ಅದು. ಕಾರ್ಖಾನೆ ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಒಳಗೆ ಹೋದರೆ ತಗಡು ಹೊದಿಸಿದ ಉದ್ದನೆಯ ಶೆಡ್ಡು, ಬಾಗಿಲ ಹತ್ತಿರ ಪೈಪು ಕತ್ತರಿಸುವ ಯಂತ್ರ, ನಡುವೆ ವೆಲ್ಡಿಂಗಿನವರು, ಕೊನೆಯಲ್ಲಿ ಹಳದಿ ಬಣ್ಣ ಬಳಿಯುವ ಮೂಲೆ. ಶೆಡ್ಡಿನ ಬೆನ್ನಿಗೇ ಮನೆ. ಅಪ್ಪ ತೀರಿಕೊಂಡ ಮೇಲೆ ಅಕ್ಕ ತಮ್ಮ ಸೇರಿ ನಡೆಸಿಕೊಂಡು ಬಂದಿದ್ದರು. ಶೆಡ್ಡು ಅವಳದು, ಹೊರಗಿನ ವ್ಯಾಪಾರ ತಮ್ಮನದು. ಅವನದು ಬೆಣ್ಣೆಯಂಥ ಮಾತು, ಇವಳದು ಕಡ್ಡಿ ಮುರಿದಂಥ ಮಾತು. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಏಣಿಗೂ ನನಗೂ ಚೆನ್ನಾಗಿ ಒಗ್ಗಿದೆ, ನಡುವೆ ಮೂರನೆಯವರು ಯಾಕೆ?" ಅಂದುಬಿಡುತ್ತಿದ್ದಳು. ಮನೆಯಲ್ಲಿ ತಮ್ಮ, ಅವನ ಹೆಂಡತಿ, ಅವರ ಪುಟ್ಟ ಮಗಳು ಇದ್ದರು. ಸಂಜೆ ಕೈ ತೊಳೆದು ಒಳಗೆ ಬಂದರೆ ಆ ಮಗು "ಅತ್ತೇ" ಅಂತ ಓಡಿಬಂದು ಅವಳ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಅವಳಿಗೆ ಅಷ್ಟು ಸಾಕಿತ್ತು.

ಒಂದು ದಿನ ಹಾರ್ಡ್‌ವೇರ್ ಅಂಗಡಿಯವರು ಮೊಳೆ ತೂಗುತ್ತಾ ಮಾತಿಗೆ ಮಾತು ಬಂದು ಹೇಳಿದರು, "ಸೇತುವೆ ಆಚೆ ಪೇಂಟರ್ ಇದ್ದಾರಲ್ಲ, ಬಿದ್ದು ಸೊಂಟ ಮುರ್ಕೊಂಡ್ರಂತೆ. ಕಾಲು ಜಾರಿತಂತೆ, ಪಾಪ."

"ಯಾವ ಏಣಿ ಮೇಲಿಂದ?"

"ನಿಮ್ಮದೇ. ಏಣಿದೇನೂ ತಪ್ಪಿಲ್ಲ ಬಿಡಿ ಅಕ್ಕ, ಅವರೇ ಹೇಳ್ತಿದ್ದಾರೆ ಕಾಲು ಜಾರಿತು ಅಂತ."

ಅಲ್ಲಿಗೆ ಬಿಟ್ಟಿದ್ದರೆ ಬಿಡಬಹುದಿತ್ತು. ಅವಳಿಗೆ ಮನಸ್ಸು ತಡೆಯಲಿಲ್ಲ. ಮಾರನೇ ದಿನ ಹಣ್ಣು ಹಿಡಿದುಕೊಂಡು ಪೇಂಟರ್ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆಯ ಮನೆ. ಪೇಂಟರ್ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಹೆಂಡತಿ ಕುರ್ಚಿ ಎಳೆದು ಹಾಕಿ ದೂರು ಶುರು ಮಾಡಿದಳು. "ನೋಡಿ ಅಕ್ಕ, ಇಷ್ಟು ವರ್ಷ ಹತ್ತಿ ಇಳಿದವರು. ಗಮನ ಎಲ್ಲಿತ್ತೋ ಏನೋ! ಮೇಲೆ ನಿಂತಾಗ ಕಾಲ ಕೆಳಗೆ ನೋಡ್ಕೋಬಾರದಾ? ದಿನಾ ಇದನ್ನೇ ಬೈತೀನಿ ನಾನು."

ಪೇಂಟರ್ ತಿರುಗಲೂ ಇಲ್ಲ. "ಜಾರಿತು, ಏನು ಮಾಡಲಿ," ಅಂದ ಗೋಡೆಗೆ.

ಏಣಿಯನ್ನು ಹಿತ್ತಲಲ್ಲಿ ಒರಗಿಸಿಟ್ಟಿದ್ದರು. ಒಂದು ಮೆಟ್ಟಿಲು ಸ್ವಲ್ಪ ವಾಲಿತ್ತು. ಬಿದ್ದ ಹೊಡೆತಕ್ಕೆ ಬಗ್ಗಿದ್ದು ಅಂತ ಎಲ್ಲರೂ ತಿಳಿದಿದ್ದರು. ಏಣಿ ಅಕ್ಕ ಬಗ್ಗಿ ಮೆಟ್ಟಿಲಿನ ಕೆಳಭಾಗಕ್ಕೆ ಬೆರಳು ಹಾಕಿ ಸವರಿದಳು. ಮೆಟ್ಟಿಲು ಪೈಪಿಗೆ ಕೂಡುವ ಕಡೆ ಸುತ್ತಲೂ ಬೆಸುಗೆಯ ಉಬ್ಬು ಇರಬೇಕು. ಮೇಲುಗಡೆ ಇತ್ತು. ಕೆಳಗಡೆ ಬೆರಳಿಗೆ ನುಣ್ಣನೆ ಬಣ್ಣ ಮಾತ್ರ ಸಿಕ್ಕಿತು. ಮಿಕ್ಕ ಮೆಟ್ಟಿಲುಗಳನ್ನೂ ಮುಟ್ಟಿ ನೋಡಿದಳು. ಎಲ್ಲವೂ ಹಾಗೇ ಇದ್ದವು. ಭಾರ ಬಿದ್ದಾಗ ಮೆಟ್ಟಿಲು ಒಂದು ತುದಿಯಲ್ಲಿ ಬಿಟ್ಟುಕೊಂಡು ವಾಲಿದೆ, ಆಮೇಲೆ ಕಾಲು ಜಾರಿದೆ.

ಈ ಸಂಗತಿ ಆ ಗಳಿಗೆಯಲ್ಲಿ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಹಿತ್ತಲ ಬಾಗಿಲು ತೆರೆದೇ ಇತ್ತು, ಬೀದಿ ಕಾಣುತ್ತಿತ್ತು. ಸುಮ್ಮನೆ ಹೊರಟುಹೋಗಬಹುದಿತ್ತು. ಅವಳು ಒಳಗೆ ಬಂದು ಮಂಚದ ಪಕ್ಕ ನಿಂತು, "ನಿಮ್ಮ ಕಾಲು ಜಾರಿದ್ದಲ್ಲ. ನಮ್ಮ ಬೆಸುಗೆ ಬಿಟ್ಟಿದ್ದು. ತಪ್ಪು ನಮ್ಮದು," ಅಂದಳು.

ಪೇಂಟರ್ ಈಗ ತಿರುಗಿ ನೋಡಿದ. ಅವನ ಹೆಂಡತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ಇಷ್ಟು ದಿನ ನಾನು ಇವರನ್ನ ಬೈದಿದ್ದು..." ಅಂದವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹಣ್ಣಿನ ಚೀಲ ತಂದು ಏಣಿ ಅಕ್ಕನ ಕೈಗೇ ವಾಪಸ್ ಇಟ್ಟಳು. "ಇವತ್ತು ಹೋಗಿಬಿಡಿ."

"ಆಸ್ಪತ್ರೆ ಖರ್ಚೆಲ್ಲ ನಾವೇ..."

"ಅದು ನೀವು ಕೊಡಲೇಬೇಕು, ಕೊಡ್ತೀರಿ. ಇವತ್ತು ಮಾತ್ರ ಹೋಗಿ."

ಶೆಡ್ಡಿಗೆ ಬಂದವಳೇ ಮೇಸ್ತ್ರಿಯನ್ನು ಕರೆದಳು. ಮೇಸ್ತ್ರಿ ಅಪ್ಪನ ಕಾಲದಿಂದ ಇದ್ದವರು, ವೆಲ್ಡಿಂಗಿನ ಬೆಳಕು ನೋಡೀ ನೋಡೀ ಕಣ್ಣು ಕಿರಿದು ಮಾಡಿಯೇ ಮಾತಾಡುವವರು. ಅವರು ಏನನ್ನೂ ಮುಚ್ಚಿಡಲಿಲ್ಲ. "ಆರ್ಡರ್ ಜಾಸ್ತಿ ಆಗಿತ್ತು. ಕೆಳಗಡೆ ಬೆಸುಗೆ ಹಾಕದೆ ಬಿಟ್ರೆ ದಿನಕ್ಕೆ ಎರಡರಷ್ಟು ಏಣಿ ಎಬ್ಬಿಸಬಹುದು ಅಂತ ನಿಮ್ಮ ತಮ್ಮ ಹೇಳಿದ್ರು. ನೀವು ಬಣ್ಣ ಆದ ಮೇಲೆ ಮೇಲಿಂದ ಅಲ್ವಾ ನೋಡೋದು?"

"ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಹೇಳೋದಾ?" ಮೇಸ್ತ್ರಿಗೆ ನಗು ಬಂತು. ಕುಹಕದ ನಗುವಲ್ಲ, ನಿಜಕ್ಕೂ ಬಂದ ನಗು. "ಹಿಂದೆ ಒಬ್ಬ ವೆಲ್ಡರ್ ಹೇಳಿದ್ದ, ನೆನಪಿದೆಯಾ? ಒಂದು ಜಾಯಿಂಟು ಕೆಟ್ಟಿದೆ ಅಕ್ಕ ಅಂತ ತಾನಾಗಿ ಬಂದ. ನೀವು ಎಲ್ಲರನ್ನೂ ಸುತ್ತ ನಿಲ್ಲಿಸಿ, ಅವನ ಕೈಗೇ ಸುತ್ತಿಗೆ ಕೊಟ್ಟು ಏಣಿ ಒಡೆಸಿದ್ರಿ. ಮಾರನೇ ದಿನದಿಂದ ಅವನು ಬರಲಿಲ್ಲ. ಆಮೇಲೆ ಯಾರು ಹೇಳ್ತಾರೆ?"

ಅವಳಿಗೆ ನೆನಪಿತ್ತು. ಕೆಲಸ ಕಲಿಸಿದೆ ಅಂತಲೇ ಇಷ್ಟು ದಿನ ನೆನಪಿಟ್ಟುಕೊಂಡಿದ್ದಳು.

ತಮ್ಮನ ಜೊತೆಗಿನ ಮಾತು ಅಡುಗೆಮನೆಯಲ್ಲಿ ನಡೆಯಿತು. ಅವನೇನು ಕೆಟ್ಟವನಲ್ಲ. ಪೇಂಟರ್ ಸುದ್ದಿ ಕೇಳಿ ಅವನ ಮುಖ ಬಿಳಿಚಿಕೊಂಡಿತು. "ಖರ್ಚು ಕೊಟ್ಟುಬಿಡೋಣ, ಒಂದು ಪೈಸೆ ಹಿಂದೆ ಮುಂದೆ ನೋಡೋದು ಬೇಡ. ಅಂಗಡಿಗಳಲ್ಲಿ ಉಳಿದಿರೋದನ್ನ ಹೊಸ ಮಾಡೆಲ್ ಬಂದಿದೆ ಅಂತ ಹೇಳಿ ತೆಗೆಸ್ತೀನಿ. ಯಾರಿಗೂ ಗೊತ್ತಾಗೋದು ಬೇಡ."

"ಮನೆಗಳಲ್ಲಿ ಇರೋದು?"

"ಮನೆಯವರು ವರ್ಷಕ್ಕೆ ಒಂದು ಸಲ ಬಲ್ಬು ಹಾಕೋಕೆ ಹತ್ತುತ್ತಾರೆ, ಅಷ್ಟೇ."

"ಬೀಳೋಕೆ ಒಂದು ಸಲ ಸಾಕು."

"ಅಕ್ಕಾ, ಬೀದಿಯಲ್ಲಿ ನಿಂತು ನಮ್ಮ ಏಣಿ ಸರಿಯಿಲ್ಲ ಅಂತ ನಾವೇ ಕೂಗಿಕೊಂಡರೆ ನಾಳೆಯಿಂದ ಯಾರು ತಗೋತಾರೆ? ಅಪ್ಪನ ಹೆಸರು ಮಣ್ಣುಪಾಲು ಮಾಡ್ತೀಯಾ?"

"ಮಣ್ಣುಪಾಲು ಆಗಿಯಾಯ್ತು ಕಣೋ. ಯಾರಿಗೂ ಗೊತ್ತಿಲ್ಲ, ಅಷ್ಟೇ."

ಅವನು ತಟ್ಟೆ ಸರಿಸಿ ಎದ್ದ. ಆ ವಾರವೇ ಹೆಂಡತಿ ಮಗುವನ್ನು ಕರೆದುಕೊಂಡು ಮಾವನ ಊರಿಗೆ ಹೋಗಿ ಅವರ ಟೈಲ್ಸ್ ಅಂಗಡಿಯಲ್ಲಿ ಸೇರಿಕೊಂಡ. ಹೊರಡುವಾಗ ಮಗು, "ಅತ್ತೆ ಯಾಕೆ ಬರಲ್ಲ?" ಅಂತ ಕೇಳಿತು. ತಮ್ಮ ಮಗುವನ್ನು ಎತ್ತಿಕೊಂಡು ಹೊರಟ.

ಯಾವ ಏಣಿ ಯಾರ ಮನೆ ಸೇರಿದೆ ಅನ್ನುವುದಕ್ಕೆ ಲೆಕ್ಕವಿರಲಿಲ್ಲ. ಅವಳು ಒಂದು ಟೆಂಪೋ ಮಾಡಿಕೊಂಡು, ಅದರ ಮೇಲೆ ಮೈಕು ಕಟ್ಟಿಸಿ, ಬೀದಿ ಬೀದಿ ಸುತ್ತಿದಳು. "ನಮ್ಮ ಹಳದಿ ಏಣಿ ನಿಮ್ಮಲ್ಲಿದ್ದರೆ ದಯವಿಟ್ಟು ಹತ್ತಬೇಡಿ. ಬೆಸುಗೆ ಸರಿಯಿಲ್ಲ. ತಪ್ಪು ನಮ್ಮದು. ವಾಪಸ್ ಕೊಡಿ, ಬೇರೆ ಮಾಡಿಕೊಡುತ್ತೇವೆ." ಮಕ್ಕಳು ಟೆಂಪೋ ಹಿಂದೆ ಓಡಿದರು. ಒಬ್ಬ ಅಜ್ಜಿ ಬಾಗಿಲಿಗೆ ಬಂದು, "ಏಣಿ ಗುರುತಿಗೆ ವೋಟು ಹಾಕಬೇಕೇನಮ್ಮಾ? ಯಾವ ಪಕ್ಷ ನಿಂದು?" ಅಂತ ಕೇಳಿದರು. ಏಣಿ ಅಕ್ಕನಿಗೆ ಎಷ್ಟೋ ದಿನದ ಮೇಲೆ ನಗು ಉಕ್ಕಿತು. ನಕ್ಕು ಪಕ್ಕಕ್ಕೆ ತಿರುಗಿದಳು. ಡ್ರೈವರ್ ರಸ್ತೆಯನ್ನೇ ನೋಡುತ್ತಿದ್ದ. ಜೊತೆಗೆ ನಗುವವರು ಇಲ್ಲದೆ ಆ ನಗು ಅಲ್ಲೇ ಆರಿತು.

ಏಣಿಗಳು ಬಂದವು. ಕೆಲವರು ಬೈದು ಕೊಟ್ಟರು, ಕೆಲವರು ಕೊಟ್ಟೂ ಅನುಮಾನದಿಂದ ನೋಡಿದರು, ಇದರಲ್ಲೇನು ಮಸಲತ್ತು ಇದೆಯೋ ಅಂತ. ಶೆಡ್ಡಿನ ಮುಂದೆ ಹಳದಿ ರಾಶಿ ತಗಡಿನ ಮಾಡು ಮುಟ್ಟಿತು. ತಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಅಂಗಡಿಯವರು ಒಬ್ಬೊಬ್ಬರಾಗಿ ಕೈಬಿಟ್ಟರು. ಕೆಲಸವಿಲ್ಲ ಅಂತ ವೆಲ್ಡರುಗಳು ಬೇರೆ ದಾರಿ ನೋಡಿಕೊಂಡರು. ಮೇಸ್ತ್ರಿ ಮತ್ತು ಒಂದಿಬ್ಬರು ಉಳಿದು, ವಾಪಸ್ ಬಂದ ಏಣಿಗಳಿಗೆ ಸುತ್ತಲೂ ಬೆಸುಗೆ ಹಾಕತೊಡಗಿದರು. ಬಣ್ಣ ಬಳಿಯುವ ಮೊದಲು ಪ್ರತಿಯೊಂದನ್ನೂ ಅವಳು ತಾನೇ ಹತ್ತಿ, ಒಂದೊಂದು ಮೆಟ್ಟಿಲ ಮೇಲೂ ಕುಪ್ಪಳಿಸಿ ನೋಡುತ್ತಿದ್ದಳು. ಮಂಡಿ ನೋವು ಬಂತು. ಬಿಡಲಿಲ್ಲ.

ಒಂದು ದಿನ ಟೀ ಹೊತ್ತಿನಲ್ಲಿ ಇದ್ದವರನ್ನೆಲ್ಲ ಕರೆದು, "ಯಾರ ಕೈಲಿ ತಪ್ಪಾದರೂ ನನಗೆ ಬಂದು ಹೇಳಿ. ಬೈಯಲ್ಲ," ಅಂದಳು. ಎಲ್ಲರೂ ಟೀ ಮುಗಿಸಿ ಕೆಲಸಕ್ಕೆ ಎದ್ದರು.

"ಬಾಯಿಮಾತಲ್ಲಿ ಹೇಳಿದ್ರೆ ಯಾರು ನಂಬ್ತಾರೆ ಅಕ್ಕ?" ಅಂದರು ಮೇಸ್ತ್ರಿ ಆಮೇಲೆ.

ಅವಳು ಎರಡು ದಿನ ಅದನ್ನೇ ಮೆಲುಕು ಹಾಕಿದಳು. ಆಮೇಲೆ, ಹಿಂದೆ ಸುತ್ತಿಗೆ ಕೊಟ್ಟು ಏಣಿ ಒಡೆಸಿದ್ದಳಲ್ಲ, ಆ ವೆಲ್ಡರ್ ಈಗ ಎಲ್ಲಿದ್ದಾನೆ ಅಂತ ವಿಚಾರಿಸಿಕೊಂಡು ಹೊರಟಳು. ಅವನು ಗೇಟು, ಕಿಟಕಿಯ ಗ್ರಿಲ್ಲು ಮಾಡುವ ಕಡೆ ಇದ್ದ. ಪಕ್ಕಕ್ಕೆ ಕರೆದು ಮಾತಾಡೋಣ ಅಂತ ಅವನು ಎದ್ದ. "ಬೇಡ, ಇಲ್ಲೇ," ಅಂದಳು. "ಅವತ್ತು ಎಲ್ಲರ ಮುಂದೆ ನಿನ್ನ ಮಾನ ಕಳೆದೆ. ಇವತ್ತು ಎಲ್ಲರ ಮುಂದೆಯೇ ಹೇಳ್ತೀನಿ. ನೀನು ಮಾಡಿದ್ದು ಸರಿ, ನಾನು ಮಾಡಿದ್ದು ತಪ್ಪು. ಅವತ್ತು ನಿನ್ನನ್ನ ಮೆಚ್ಚಿದ್ದರೆ ಉಳಿದವರೂ ಬಂದು ಹೇಳ್ತಿದ್ರು, ಇವತ್ತು ಒಬ್ಬ ಮನುಷ್ಯ ಮಲಗಿರ್ತಿರಲಿಲ್ಲ."

ಗ್ರೈಂಡರಿನ ಸದ್ದು ನಿಂತಿತ್ತು. ಅವನು ಅವಳನ್ನೇ ನೋಡಿ, "ಸರಿ ಅಕ್ಕ. ಆಯ್ತು," ಅಂದ. ಮುಖಕ್ಕೆ ಕವಚ ಎಳೆದುಕೊಂಡು ಕೆಲಸಕ್ಕೆ ಬಗ್ಗಿದ. ವಾಪಸ್ ಬರ್ತೀನಿ ಅನ್ನಲಿಲ್ಲ, ಇವಳೂ ಕೇಳಲಿಲ್ಲ. ಆದರೆ ವೆಲ್ಡರುಗಳ ಬಾಯಲ್ಲಿ ಆ ಮಾತು ಅವಳಿಗಿಂತ ಮೊದಲೇ ಶೆಡ್ಡು ಸೇರಿತ್ತು.

ಮನೆ ಮಾತ್ರ ಬಣಗುಟ್ಟುತ್ತಿತ್ತು. ಒಬ್ಬಳಿಗೆ ಅಡುಗೆ ಮಾಡುವ ಅಂದಾಜು ಅವಳಿಗೆ ಕೊನೆಗೂ ಸಿಗಲಿಲ್ಲ. ಬೆಳಿಗ್ಗೆ ಮಾಡಿದ್ದು ಸಂಜೆಗೂ ಉಳಿಯುತ್ತಿತ್ತು. ಮಗುವಿನ ಪುಟ್ಟ ಕುರ್ಚಿಯನ್ನು ಅಟ್ಟಕ್ಕೆ ಹಾಕೋಣ ಅಂತ ಎತ್ತಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಶೆಡ್ಡಿನಲ್ಲೂ ಅಷ್ಟೇ. ಮೊದಲು ಹೆದರಿ ಸುಮ್ಮನಾಗುತ್ತಿದ್ದವರು ಈಗ ಏನು ಮಾತಾಡಬೇಕು ಅಂತ ತಿಳಿಯದೆ ಸುಮ್ಮನಾಗುತ್ತಿದ್ದರು. ಯಜಮಾನಿಯ ಪಕ್ಕ ಕೂತು ಟೀ ಕುಡಿಯುವ ಅಭ್ಯಾಸ ಯಾರಿಗೂ ಇರಲಿಲ್ಲ. ಅವಳು ಲೋಟ ಹಿಡಿದುಕೊಂಡು ಪೈಪಿನ ರಾಶಿಯ ಮೇಲೆ ಒಬ್ಬಳೇ ಕೂರುತ್ತಿದ್ದಳು.

ಪೇಂಟರ್ ಎದ್ದು ಓಡಾಡುವಂತಾದ. ಕೋಲು ಬೇಕಿತ್ತು, ಏಣಿ ಹತ್ತುವ ಮಾತು ಮುಗಿದಿತ್ತು. ಈಗ ಬಾಗಿಲು, ಕುರ್ಚಿ, ಮೇಜಿಗೆ ನೆಲದಲ್ಲೇ ಕೂತು ಬಣ್ಣ ಹೊಡೆಯುತ್ತಾನೆ. ಎದುರಿಗೆ ಸಿಕ್ಕರೆ ತಲೆ ಆಡಿಸುತ್ತಾನೆ. ಅವನ ಹೆಂಡತಿ ಆಡಿಸುವುದಿಲ್ಲ. ಆದರೆ ಅವಳ ಅಣ್ಣ ಹೊಸ ಮನೆ ಕಟ್ಟಿಸುವಾಗ ಏಣಿ ಬೇಕಾದರೆ ಇಲ್ಲಿಗೇ ಹೋಗು ಅಂದಳಂತೆ. "ಇವಳು ಸುಳ್ಳು ಹೇಳೋ ಪೈಕಿ ಅಲ್ಲ," ಅಂದಳಂತೆ, ಮುಖ ಗಂಟಿಕ್ಕಿಕೊಂಡೇ. ಆ ಅಣ್ಣನಿಂದ ಇನ್ನೊಬ್ಬರು ಬಂದರು. ಹಾರ್ಡ್‌ವೇರ್ ಅಂಗಡಿಯವರೂ ಒಂದು ದಿನ ಏನೂ ಆಗಿಲ್ಲ ಎಂಬಂತೆ ಬಂದು ಏಣಿ ಕೇಳಿದರು.

ಶೆಡ್ಡಿನಲ್ಲಿ ಉಳಿದವರಲ್ಲಿ ಬೆಟ್ಟ ಅಂತ ಒಬ್ಬ ವೆಲ್ಡರ್ ಇದ್ದ. ಮೈಗೆ ತಕ್ಕ ಹೆಸರು, ಧ್ವನಿ ಮಾತ್ರ ಇಲಿಯದು. ಕೆಲಸ ಮತ್ತೆ ಕೈತುಂಬ ಬಂದಿದ್ದ ಒಂದು ಮಧ್ಯಾಹ್ನ ಅವನು ಅವಳ ಮುಂದೆ ಬಂದು ನಿಂತ. ಕೈಗವಸು ಕಳಚಿ, ಹಾಕಿ, ಮತ್ತೆ ಕಳಚಿದ.

"ಅಕ್ಕ, ನಿನ್ನೆ ಕಟ್ಟಿದ ಏಣಿಗಳಲ್ಲಿ... ಬೆಸುಗೆ ಸರಿಯಾಗಿ ಕೂತಿಲ್ಲ ಅನ್ಸುತ್ತೆ. ಮನೇಲಿ ಮಗೂಗೆ ಜ್ವರ ಇತ್ತು, ಗಮನ ಇರಲಿಲ್ಲ. ನೀವು ಹತ್ತಿ ನೋಡಿದ್ರಿ, ತಡ್ಕೊಂಡಿತು. ಆದ್ರೂ ನನಗೆ ಸಮಾಧಾನ ಇಲ್ಲ."

ಶೆಡ್ಡಿನಲ್ಲಿ ಕೆಲಸ ನಿಲ್ಲಲಿಲ್ಲ, ಆದರೆ ಎಲ್ಲರ ಕಿವಿ ಇತ್ತಲೇ ಇತ್ತು. ಏಣಿಗಳು ಆಗಲೇ ಟೆಂಪೋ ಹತ್ತಿದ್ದವು, ಡ್ರೈವರ್ ಹೊರಡಲು ನಿಂತಿದ್ದ. ಏಣಿ ಅಕ್ಕನಿಗೆ ಹಳೆಯ ಸಿಟ್ಟು ನೆತ್ತಿಗೆ ಏರಿತು. ತುಟಿ ಕಚ್ಚಿ ಅದನ್ನು ಹಾಗೇ ನುಂಗಿದಳು.

"ಇಳಿಸಿ ಎಲ್ಲಾನೂ," ಅಂದಳು ಡ್ರೈವರಿಗೆ. ಆಮೇಲೆ ಬೆಟ್ಟನಿಗೆ, "ಹೇಳಿದ್ದು ಒಳ್ಳೇದಾಯ್ತು. ಮಗು ಈಗ ಹೇಗಿದೆ?"

"ಪರವಾಗಿಲ್ಲ."

"ಮನೆಗೆ ಹೋಗು ಇವತ್ತು. ಇದನ್ನ ಮೇಸ್ತ್ರಿ ನೋಡ್ಕೋತಾರೆ."

ಬೆಟ್ಟ ಹೋದ ಮೇಲೆ ಮೇಸ್ತ್ರಿ ಏಣಿ ಇಳಿಸಲು ಕೈ ಹಾಕಿದರು. ಬಣ್ಣದ ಮೂಲೆಯಿಂದ ಯಾರೋ, "ಅಕ್ಕ, ನೀವು ಸಪೂರ ಆಗಿದ್ದೀರಿ. ನಿಮ್ಮ ಭಾರಕ್ಕೆ ಏಣಿ ಪರೀಕ್ಷೆ ಆಗಲ್ಲ, ನಾಳೆಯಿಂದ ಬೆಟ್ಟನನ್ನೇ ಹತ್ತಿಸಿ," ಅಂದರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಅವಳ ಎದುರಿಗೆ, ಅವಳನ್ನೇ ಹಿಡಿದು ಮಾಡಿದ ಮೊದಲ ತಮಾಷೆ ಅದು.

ಸಂಜೆ ಬೀಗ ಹಾಕಿ ಮನೆಗೆ ಬಂದಳು. ಎದೆ ತುಂಬಿ ಬಂದಿತ್ತು. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಹೇಳಲು ಯಾರೂ ಇರಲಿಲ್ಲ. ಕೈಕಾಲು ತೊಳೆದು ಬಂದು ತಮ್ಮನಿಗೆ ಫೋನ್ ಮಾಡಿದಳು. ಅವನು ಎತ್ತಿದ, ಆದರೆ ಹಲೋ ಅನ್ನಲಿಲ್ಲ. ಅವಳು ಬೆಟ್ಟನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು, ಕೈಗವಸು ಕಳಚಿ ಹಾಕಿದ್ದನ್ನೂ ಬಿಡದೆ.

"ಊಟ ಆಯ್ತಾ?" ಅಂದ ತಮ್ಮ ಕೊನೆಗೆ.

"ಆಯ್ತು," ಅಂದಳು. ಆಗಿರಲಿಲ್ಲ.

ಆಮೇಲೆ ಶೆಡ್ಡು ಚೆನ್ನಾಗಿಯೇ ನಡೆಯಿತು. ಬೆಸುಗೆ ಕೆಟ್ಟರೆ ಯಾರಾದರೂ ಬಂದು ಹೇಳುತ್ತಾರೆ, ಅವಳು ಈಗಲೂ ತುಟಿ ಕಚ್ಚಿಕೊಳ್ಳುತ್ತಾಳೆ. ತಮ್ಮ ತಾನಾಗಿ ಫೋನ್ ಮಾಡುವುದಿಲ್ಲ. ಅವಳು ಮಾಡಿದರೆ ಎತ್ತುತ್ತಾನೆ.