ಹೆಚ್ಚಾಗ್ಯಾವ್ರಿ

ನಮ್ಮ ಕಡೆ ಮನೆಯಲ್ಲಿ ಜೋಳ ಮುಗಿದರೆ ಮುಗಿಯಿತು ಎನ್ನುವುದಿಲ್ಲ, ‘ಹೆಚ್ಚಾಗ್ಯಾವ’ ಎನ್ನುತ್ತಾರೆ. ಕುಂಕುಮದ ಭರಣಿ ಬರಿದಾದರೆ ಕುಂಕುಮ ಹೆಚ್ಚಾಯಿತು. ಬಳೆ ಒಡೆದರೆ ಬಳೆ ಹೆಚ್ಚಾಯಿತು. ದೀಪ ಆರಿಸು ಎಂದರೆ ನನ್ನ ಅಜ್ಜಿ ಬೆನ್ನಿಗೊಂದು ಗುದ್ದುತ್ತಿದ್ದಳು. ದೀಪ ದೊಡ್ಡದು ಮಾಡು ಎನ್ನಬೇಕು. ಮನೆಯ ಹೆಣ್ಣುಮಗಳು ಬಾಯಿಬಿಟ್ಟು ‘ಇಲ್ಲ’ ಎಂದರೆ ಮೇಲಿನ ದೇವತೆಗಳು ‘ಅಸ್ತು’ ಅಂದುಬಿಡುತ್ತಾರೆ, ಆಮೇಲೆ ಎಂದೆಂದಿಗೂ ಇಲ್ಲವೇ ಆಗುತ್ತದೆ ಎಂಬ ಭಯ. ಇಷ್ಟು ಸಣ್ಣ ಮಾತು ತಿಳಿಯದ್ದಕ್ಕೆ ಒಂದು ಕೂಸಿನ ಮೂರು ತಿಂಗಳ ಹಿಟ್ಟು ತಪ್ಪಿಹೋಗುವುದರಲ್ಲಿತ್ತು. ಎಷ್ಟು ವರ್ಷವಾದರೂ ನೆನೆದಾಗೆಲ್ಲ ನನ್ನ ಮೈ ಉರಿಯುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಪರದೇಶದಿಂದ ಒಬ್ಬ ಸಂಶೋಧನ ವಿದ್ಯಾರ್ಥಿನಿ ಬಂದಿದ್ದಳು. ಹಳ್ಳಿಯ ಮನೆಗಳಲ್ಲಿ ಕಾಳುಕಡಿ ಎಲ್ಲಿಡುತ್ತಾರೆ, ಹೇಗೆ ಬಳಸುತ್ತಾರೆ, ಯಾರ ಮನೆಯಲ್ಲಿ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂಬುದು ಅವಳ ವಿಷಯ. ಗುಡಗೇರಿ ಸ್ಟೇಶನ್ನಿನಿಂದ ಎರಡು ಮೈಲಿ ದೂರದ ಒಂದು ಹಳ್ಳಿಯನ್ನು ಆರಿಸಿಕೊಂಡಿದ್ದಳು. ಅದು ನನ್ನ ತಾಯಿಯ ತವರಿನ ಪಕ್ಕದ ಊರು. ಹೀಗಾಗಿ ದುಭಾಷಿಯ ಕೆಲಸ ನನಗೆ ಬಂತು.

ಹುಡುಗಿ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಟಕ ರೊಟ್ಟಿಯನ್ನು ಕೆಂಪು ಖಾರದ ಜೊತೆ ತಿಂದು ಕಣ್ಣಲ್ಲಿ ನೀರು ಸುರಿಸುತ್ತ ‘ಚಲೋ ಅದ’ ಅನ್ನುತ್ತಿದ್ದಳು. ಮಳೆಗಾಲದ ಎರೆಮಣ್ಣಿನಲ್ಲಿ ಚಪ್ಪಲಿ ಕಿತ್ತುಹೋದರೆ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಮೊದಲ ದಿನ ನಾನು ಇವಳು ಪರದೇಶಿ ಎಂದು ಪರಿಚಯ ಮಾಡಿಕೊಟ್ಟಾಗ ಒಬ್ಬ ಮುದುಕಿ ಅವಳ ಗಲ್ಲ ಸವರಿ, “ಅಯ್ಯ ಪಾಪ, ತಾಯಿ ತಂದಿ ಯಾರೂ ಇಲ್ಲೇನ ಯವ್ವಾ ನಿನಗ?” ಎಂದು ಕಣ್ಣೊರೆಸಿಕೊಂಡಳು. ನಮ್ಮಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವಳು. ಆ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಂದು ಶಬ್ದ ಹೀಗೆ ಕಾಲು ಹಿಡಿದು ಕೆಡವಬಲ್ಲದು ಎಂದು ಅವಳು ಅವತ್ತೇ ಕಲಿಯಬೇಕಿತ್ತು.

ಆರು ತಿಂಗಳಲ್ಲಿ ಅವಳಿಗೆ ಕನ್ನಡ ಬಂತು. ಬಂತು ಎಂದರೆ ಪುಸ್ತಕದ ಕನ್ನಡ. ನನ್ನ ಪರೀಕ್ಷೆ ಹತ್ತಿರ ಬಂದು ನಾನು ಎರಡು ವಾರ ಧಾರವಾಡಕ್ಕೆ ಹೊರಟಾಗ, ಅಲ್ಲಿಯವರೆಗೆ ಕೆಲಸ ನಿಲ್ಲಿಸು ಎಂದು ಹೇಳಿದೆ. “ಬೇಡ, ನನಗೆ ಈಗ ಎಲ್ಲಾ ತಿಳಿಯುತ್ತದೆ. ನೀನು ಚಿಂತೆ ಮಾಡಬೇಡ,” ಎಂದಳು. ನನಗೂ ಒಳಗೊಳಗೆ ಹೆಮ್ಮೆಯಾಯಿತು, ಕಲಿಸಿದವಳು ನಾನಲ್ಲವೇ! ಆ ಹೆಮ್ಮೆಗಿಷ್ಟು ಬೆಂಕಿ ಬೀಳಲಿ.

ಪರೀಕ್ಷೆ ಮುಗಿಸಿ ಪ್ಯಾಸೆಂಜರ್ ಗಾಡಿ ಇಳಿದು ಊರಿಗೆ ಬಂದೆ. ಆಷಾಢ ಮುಗಿದು ಶ್ರಾವಣ ಹಿಡಿದಿತ್ತು. ಬೋರಿನ ಹತ್ತಿರ ನೀರು ತುಂಬುತ್ತಿದ್ದ ಒಬ್ಬಾಕೆ ಕೊಡ ಅಲ್ಲೇ ಬಿಟ್ಟು ನನ್ನ ಕಡೆ ಬಂದಳು. ಅವಳ ಮನೆಗೆ ನಾವು ಎಷ್ಟೋ ಸಲ ಹೋಗಿದ್ದೆವು. ಗಂಡ ಹುಬ್ಬಳ್ಳಿಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಇವಳು, ಕಂಕುಳಲ್ಲಿ ಒಂದೂವರೆ ವರ್ಷದ ಹೆಣ್ಣು ಕೂಸು.

“ತಂಗಿ, ಹಿಟ್ಟಿನ ಯಾದಿಯೊಳಗ ನಮ್ಮ ಹೆಸರು ತಗದಾರಂತ. ನಾ ಏನರ ತಪ್ಪು ಮಾತಾಡಿದ್ನ್ಯಾ?” ಎಂದಳು.

ಗುಡಗೇರಿಯಲ್ಲಿ ಒಂದು ಸೇವಾಸಂಸ್ಥೆಯ ಕಚೇರಿ ಇತ್ತು. ಸಣ್ಣ ಕೂಸುಗಳಿರುವ ಬಡವರ ಮನೆಗೆ ಮಳೆಗಾಲದ ಮೂರು ತಿಂಗಳು ವಾರಕ್ಕೊಮ್ಮೆ ಹುರಿಹಿಟ್ಟು ಕೊಡುತ್ತಿದ್ದರು. ಗಂಜಿ ಮಾಡಿ ಕುಡಿಸುವುದಕ್ಕೆ. ಯಾರಿಗೆ ಕೊಡಬೇಕು ಎಂಬ ಯಾದಿಗೆ ಅವರಾಗಿ ಮನೆಮನೆ ತಿರುಗುವುದು ಬೇಕಿರಲಿಲ್ಲ, ತಯಾರು ಕಾಗದ ಸಿಕ್ಕಿತ್ತು. ಉಳಿಯಲು ಖೋಲಿ, ತಿರುಗಲು ಜೀಪು ಕೊಟ್ಟ ಉಪಕಾರಕ್ಕೆ ನಮ್ಮ ಹುಡುಗಿ ತನ್ನ ಹಾಳೆಗಳ ಒಂದು ಪ್ರತಿಯನ್ನು ಅವರ ಕೈಗೆ ಇಟ್ಟಿದ್ದಳು.

ನಾನು ನೆಟ್ಟಗೆ ಅವಳ ಖೋಲಿಗೆ ಹೋಗಿ ಹಾಳೆ ತೆಗೆಸಿದೆ. ಅವಳದೇ ದುಂಡನೆಯ ಅಕ್ಷರ. ‘ಮನೆಯಲ್ಲಿ ಈಗ ಜೋಳ ಇದೆಯೆ?’ ಎಂಬ ಪ್ರಶ್ನೆಯ ಮುಂದೆ: ಹೆಚ್ಚಾಗಿದೆ. ‘ಎಷ್ಟು ದಿನದಿಂದ?’ ನಾಲ್ಕು ದಿನದಿಂದ.

ನಾಲ್ಕು ದಿನದಿಂದ ಹೆಚ್ಚಾಗಿದೆಯಂತೆ! ಹೊಲದಲ್ಲಿ ಬಿತ್ತಿದ್ದು ಇನ್ನೂ ಗೇಣುದ್ದ ಎದ್ದಿಲ್ಲ, ಮುಂದಿನ ಜೋಳ ಬರುವುದು ಸಂಕ್ರಾಂತಿ ದಾಟಿದ ಮೇಲೆ. ಆಷಾಢದಲ್ಲಿ ಕೂಲಿಯವನ ಮನೆಗೆ ಜೋಳ ಆಕಾಶದಿಂದ ಉದುರಿತೇನು? ಕೇಳುವ ಬಾಯಿಗೆ ಬುದ್ಧಿ ಬೇಡವೇ? ಒಲೆ ಕಡೆ ಒಮ್ಮೆ ಕತ್ತು ತಿರುಗಿಸಿದ್ದರೂ ತಿಳಿಯುತ್ತಿತ್ತು. ಉಳಿದ ಮನೆಗಳಲ್ಲಿ ಈ ಅನಾಹುತ ಆಗಿರಲಿಲ್ಲ, ಯಾಕೆಂದರೆ ಅಲ್ಲಿ ಉತ್ತರ ಕೊಟ್ಟವರು ಗಂಡಸರು. ಗಂಡಸರಿಗೇನು, ನೆಲದಡಿಯ ಹಗೇವಿನ ತುಂಬ ಕಾಳಿಟ್ಟು ಅದರ ಮೇಲೆಯೇ ಕೂತು ‘ಏನೂ ಇಲ್ರೀ’ ಎಂದು ಕೈ ಆಡಿಸಬಲ್ಲರು. ಅಂಥವರ ಹೆಸರು ಯಾದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಮರ್ಯಾದೆಯಿಂದ ಮಾತಾಡಿದ ಒಬ್ಬಳ ಹೆಸರು ಹೋಗಿತ್ತು.

ನಾನು ಹುಡುಗಿಗೆ ಬಿಡಿಸಿ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಕಡೆಗೆ ನಾಚಿಕೊಂಡಾಳು ಎಂದುಕೊಂಡಿದ್ದೆ. ಅವಳ ಕಣ್ಣು ಹೊಳೆದವು! ನೋಟುಬುಕ್ಕು ತೆರೆದು, “ಇನ್ನೊಮ್ಮೆ ಹೇಳು. ನಿಧಾನ. ಬಳೆಗೂ ಹೀಗೆಯೇ? ದೀಪಕ್ಕೆ ಏನು ಅನ್ನುತ್ತೀರಿ? ಇದು ಬಹಳ ಮುಖ್ಯ, ಇದು ನನಗೆ ಒಂದು ಇಡೀ ಅಧ್ಯಾಯ!” ಎಂದಳು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಸುಮ್ಮನೆ ಅಂದಿಲ್ಲ.

“ಅಧ್ಯಾಯ ಆಮೇಲೆ ಬರಿ. ಈಗ ನನ್ನ ಜೊತೆ ಕಚೇರಿಗೆ ಬಂದು ಹಾಳೆ ತಪ್ಪಾಗಿದೆ ಅನ್ನು,” ಎಂದೆ.

ಅವಳು ಪೆನ್ನು ಕೆಳಗಿಟ್ಟಳು. ತಾನು ಸಂಶೋಧಕಿ, ನೋಡಬೇಕು, ಬರೆದುಕೊಳ್ಳಬೇಕು, ಊರಿನ ಕೊಡು-ಕೊಳ್ಳುವುದರಲ್ಲಿ ಕೈ ಹಾಕಬಾರದು, ಅದು ತಮ್ಮ ಗುರುಗಳು ಹಾಕಿಕೊಟ್ಟ ನೇಮ ಎಂದಳು.

“ಕೈ ಹಾಕಿ ಆಗಿದೆಯಲ್ಲ ತಾಯಿ! ಮೊಣಕೈತನಕ ಹಾಕಿದ್ದೀಯ. ಈಗ ತೆಗೆಯುವುದಕ್ಕೆ ಮಾತ್ರ ನೇಮ ಅಡ್ಡ ಬಂತೇ?” ಎಂದು ಕೂಗಿಬಿಟ್ಟೆ. ಅವಳ ಮುಖ ಕೆಂಪಾಯಿತು. ನಾಳೆ ಒಂದು ಪತ್ರ ಬರೆದುಕೊಡುತ್ತೇನೆ ಎಂದಳು. ಆ ನಾಳೆ ಬರಲಿಲ್ಲ. ಮರುವಾರ ಅವಳು ಕಲಘಟಗಿ ಕಡೆಯ ಹಳ್ಳಿಗಳನ್ನು ನೋಡಲು ಜೀಪು ಹತ್ತಿದಳು.

ಕಚೇರಿಯವರು ಯಾದಿ ತಿದ್ದುವುದು ಶುಕ್ರವಾರ ಮಾತ್ರ. ಆ ಶುಕ್ರವಾರ ನಾನು ಕೂಸಿನ ತಾಯಿಯನ್ನು ಕರೆದುಕೊಂಡು ಹೋದೆ. ಕೂಸಿಗೆ ಹಿಂದಿನ ದಿನವೆಲ್ಲ ನೆರೆಮನೆಯಿಂದ ತಂದ ಅಂಬಲಿಯೇ ಆಗಿತ್ತು. ದಾರಿಯುದ್ದಕ್ಕೂ ಅದು ಅವ್ವನ ಸೆರಗು ಚೀಪುತ್ತಿತ್ತು.

ಕಚೇರಿಯಲ್ಲಿ ಕೂತಿದ್ದ ಗುಮಾಸ್ತ ನಮ್ಮ ಕಡೆಯವನೇ, ಅಣ್ಣಿಗೇರಿಯವನು. ನಾನು ಅರ್ಧ ಹೇಳುವುದರೊಳಗೆ ನಕ್ಕ.

“ನನಗ ಗೊತ್ತಿಲ್ಲೇನ್ರಿ? ನಮ್ಮವ್ವನೂ ಹಂಗ ಅಂತಾಳ. ಆದ್ರ ಹಾಳಿಯೊಳಗ ಹಂಗ ಬರದೈತಲ್ಲ.”

“ಗೊತ್ತಿದ್ದೂ ಹೆಸರು ಹೊಡೆದು ಹಾಕಿದಿರಾ?”

“ನಾ ಏನ್ ಮಾಡ್ಲ್ರಿ? ಪರದೇಶದ ಅಕ್ಕೋರು ಬರದದ್ದು. ನಾ ತಿದ್ದಿದ್ರ ಮ್ಯಾಲಿನವ್ರು ನನ್ನ ಕೇಳ್ತಾರ. ಈಕಿ ತಾನ ಹೇಳ್ಲಿ, ಮನ್ಯಾಗ ಜ್ವಾಳ ಇಲ್ಲ ಅಂತ. ಇನ್ನೊಂದು ಹಾಳಿ ಬರೀತೀನಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಆ ಹುಡುಗಿಗೆ ತಿಳಿದಿರಲಿಲ್ಲ, ಅದು ತಪ್ಪು. ಇವನಿಗೆ ತಿಳಿದಿತ್ತು, ಇದಕ್ಕೆ ಏನನ್ನಬೇಕು? ಪರದೇಶದ ಅಕ್ಷರದ ಮುಂದೆ ಹೆತ್ತ ತಾಯಿಯ ಮಾತನ್ನೂ ಮರೆಯುವವರನ್ನು ನಾನು ಆಮೇಲೆ ಬಹಳ ನೋಡಿದೆ, ದೊಡ್ಡ ದೊಡ್ಡ ಕುರ್ಚಿಗಳ ಮೇಲೆ ನೋಡಿದೆ. ಮೊದಲು ನೋಡಿದ್ದು ಅಲ್ಲಿ.

ಗುಮಾಸ್ತ ಅವಳ ಕಡೆ ತಿರುಗಿದ. “ಹೇಳವಾ, ಮನ್ಯಾಗ ಜ್ವಾಳ ಅದಾವೋ, ಇಲ್ಲೋ?”

ಅವಳು ಕೂಸನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು ನೆಲ ನೋಡುತ್ತ ಹೇಳಿದಳು, “ಹೆಚ್ಚಾಗ್ಯಾವ್ರಿ.”

“ಹಂಗಲ್ಲ, ನೆಟ್ಟಗ ಹೇಳು.”

“ಶ್ರಾವಣ ಶುಕ್ರವಾರ, ತೊಡಿಮ್ಯಾಲ ಹೆಣ್ಣುಮಗು. ನೆಟ್ಟಗ ಹೆಂಗ ಹೇಳ್ಲ್ರಿ? ಹೆಚ್ಚಾಗ್ಯಾವ್ರಿ.”

ನನಗೆ ಅವಳ ಮೇಲೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಎರಡಕ್ಷರ! ಅಂದುಬಿಟ್ಟರೆ ಕೂಸಿಗೆ ಗಂಜಿ. ನಾನೇ ಅಂದುಬಿಡೋಣ ಎಂದು ಬಾಯಿ ತೆರೆದೆ. ಅವಳು ತಟ್ಟನೆ ಕತ್ತೆತ್ತಿ ನನ್ನ ಮುಖ ನೋಡಿದಳು. ಬೇಡ ಎನ್ನುವಂತೆ ಕೂಸಿನ ಎರಡೂ ಕಿವಿಯ ಮೇಲೆ ಅಂಗೈ ಇಟ್ಟಳು. ನನ್ನ ಸಿಟ್ಟು ಅಲ್ಲೇ ತಿರುಗಿ ಆ ಮೇಜಿನ ಕಡೆ ಹೋಯಿತು.

ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವಳ ಮನೆಯಲ್ಲಿ ಒಂದು ಕಾಳೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಹಾಳೆ ಬರೆದವಳಿಗೆ ಕನ್ನಡ ಬಾರದು ಎಂದು ಹೇಳಿದೆ, ಈಗ ಬರೆಯದಿದ್ದರೆ ಧಾರವಾಡಕ್ಕೆ ಹೋಗಿ ಪೇಪರಿನಲ್ಲಿ ಇವನ ಬಗ್ಗೆ ಬರೆಯುತ್ತೇನೆ ಎಂದು ಹೇಳಿದೆ. ನನಗೆ ಗೊತ್ತಿದ್ದ ಪೇಪರಿನವರು ಒಬ್ಬರೂ ಇರಲಿಲ್ಲ. ಇಂಗ್ಲಿಷ್ ಎಷ್ಟು ತಪ್ಪಿತ್ತೋ ದೇವರೇ ಬಲ್ಲ. ಆದರೆ ಅವ್ವನ ಮಾತಿಗೆ ಬಗ್ಗದವನು ಇಂಗ್ಲಿಷಿಗೆ ಬಗ್ಗಿದ. “ಸಿಟ್ಟಿಗೇಳಬ್ಯಾಡ್ರಿ ಅಕ್ಕೋರ, ಬರದ್ರಾತು,” ಎಂದು ಹೊಸ ಹಾಳೆ ಎಳೆದುಕೊಂಡು ‘ಜೋಳ: ಇಲ್ಲ’ ಎಂದು ಬರೆದ. ಸಾಕ್ಷಿಗೆ ನನ್ನ ಸಹಿ ಹಾಕಿಸಿಕೊಂಡ. ಮಸಿಯ ಡಬ್ಬಿಯನ್ನು ಅವಳ ಮುಂದೆ ತಳ್ಳಿದ.

ಅವಳು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, ಒತ್ತುವ ಮೊದಲು ಕೈ ತಡೆದಳು.

“ಏನಂತ ಬರದಾರ ತಂಗಿ?”

ಆರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಇದ್ದದ್ದು ಇದ್ದಂತೆ ಮುಟ್ಟಿಸುವುದು. ತಪ್ಪು ಮುಟ್ಟಿತು ಎಂದೇ ಇಷ್ಟು ಹೊತ್ತು ಕುದಿಯುತ್ತಿದ್ದೆ.

“ಹೆಚ್ಚಾಗ್ಯಾವ ಅಂತ ಬರದಾರಕ್ಕ,” ಎಂದೆ.

ಅವಳು ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಹಿಟ್ಟಿನ ಚೀಲ ಹೊತ್ತು ಹೊರಗೆ ಬಂದು, ಕಚೇರಿಯ ಮೆಟ್ಟಿಲು ಇಳಿದ ಮೇಲೆ, ನನ್ನ ಕಡೆ ನೋಡದೆಯೇ ಹೇಳಿದಳು.

“ಹೆಚ್ಚಾಗ್ಯಾವ ಅಂತ ಬರದಿದ್ರ ಹಿಟ್ಟ್ಯಾಕ ಕೊಡ್ತಿದ್ರ ತಂಗಿ? ಇರ್ಲಿ ಬಿಡು. ನಿನ್ನ ಬಾಯಾಗರ ಆ ಕೆಟ್ಟ ಮಾತು ಬರ್ಲಿಲ್ಲ.”

ಚೀಲ ತಲೆಯ ಮೇಲಿತ್ತು, ನಾನು ಕೂಸನ್ನು ಎತ್ತಿಕೊಂಡೆ.