ಜ್ವರ ಎದ್ದ ಹುಳುಗಳು

ನನಗೆ ಕೋಪ ಬೇಗ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಪಕ್ಕದ ತೋಟದವರ ಮೇಲೆ ಕೋರ್ಟಿಗೆ ಹೋದದ್ದು ಬರೀ ಕೋಪಕ್ಕಲ್ಲ. ಒಂದು ಇಡೀ ಬೆಳೆ ರೇಷ್ಮೆ ಹುಳು ಕಣ್ಣೆದುರೇ ಸತ್ತಿತ್ತು, ಮುಂದಿನ ಬೆಳೆಯೂ ಹಾಗೇ ಆದೀತೆಂಬ ಭಯವಿತ್ತು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನನಗೆ ಚೆನ್ನಾಗಿ ಬರುವ ಕೆಲಸ ಹುಳು ಸಾಕುವುದೊಂದೇ. ಅದನ್ನೂ ಬಿಟ್ಟು ಸುಮ್ಮನೆ ಕೂರುವವಳಲ್ಲ ನಾನು.

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮೂರಲ್ಲಿ ನಮ್ಮ ಹಿಪ್ಪುನೇರಳೆ ತೋಟಕ್ಕೂ ಅವರ ದ್ರಾಕ್ಷಿ ಚಪ್ಪರಕ್ಕೂ ನಡುವೆ ಇರುವುದು ಒಂದು ಬದು, ಅಷ್ಟೇ. ಅವರೂ ಮೊದಲು ಹುಳು ಸಾಕುತ್ತಿದ್ದವರೇ. ಮರಿಹುಳುವಿಗೆ ಸೊಪ್ಪನ್ನು ಎಷ್ಟು ಸಣ್ಣಗೆ ಹೆಚ್ಚಬೇಕೆಂದು ನನಗೆ ಕಲಿಸಿದ್ದು ಅವರ ತಾಯಿ. ಆಕೆ ತೀರಿಕೊಂಡ ಮೇಲೆ ಅವರು ದ್ರಾಕ್ಷಿಗೆ ಇಳಿದರು. ಅವರನ್ನು ನಾನು ಅಣ್ಣ ಎಂದೇ ಕರೆಯುವುದು.

ಆ ಸಲ ಅಣ್ಣ ದ್ರಾಕ್ಷಿಗೆ ಔಷಧಿ ಹೊಡೆಯಲು ಬಾಡಿಗೆಗೆ ಡ್ರೋನ್ ತರಿಸಿದರು. ಊರಿಗೆ ಊರೇ ನೋಡಲು ಬಂತು. ನಾನೂ ಬದುವಿನ ಮೇಲೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆ, ಸುಳ್ಳೇಕೆ ಹೇಳಲಿ. ಸಾಲಿನ ಕೊನೆಗೆ ಬಂದ ಡ್ರೋನ್ ಬದು ದಾಟಿ, ನಮ್ಮ ಸೊಪ್ಪಿನ ಮೇಲೆ ಒಂದು ಸುತ್ತು ತಿರುಗಿ ಹಿಂದಕ್ಕೆ ಹೋಗುತ್ತಿತ್ತು, ಎತ್ತು ತಿರುಗಿಸಿಕೊಳ್ಳಲು ನೇಗಿಲನ್ನು ಪಕ್ಕದವರ ಹೊಲಕ್ಕೆ ನುಗ್ಗಿಸಿದ ಹಾಗೆ. ತಿರುಗುವಾಗಲೂ ತುಂತುರು ನಿಲ್ಲುತ್ತಿರಲಿಲ್ಲ. ಅದರ ಅರ್ಥ ಆಗ ನನ್ನ ಮಂಡೆಗೆ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅದೇ ಸೊಪ್ಪು ಕೊಯ್ದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಹಸಿರಾಗಿ ಕಕ್ಕುತ್ತಾ ಒದ್ದಾಡುತ್ತಿದ್ದವು. ಸಂಜೆಗೆ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದೆವು. ನನಗೆ ಊಟ ಸೇರಲಿಲ್ಲ. ಸೀದಾ ಅಣ್ಣನ ಮನೆಗೆ ಹೋದೆ.

"ಅಣ್ಣಾ, ನಿನ್ ಡ್ರೋನು ನಮ್ ಸೊಪ್ಪಿನ ಮೇಲೆ ಬಂದು ತಿರುಗ್ತದೆ. ಹುಳ ಎಲ್ಲಾ ಹೋಯ್ತು" ಅಂದೆ.

"ನಿನ್ ಹುಳಕ್ಕೇನೋ ರೋಗ ಬಂದೈತೆ ಕಣಮ್ಮ. ಅದು ಮೇಲ್ಗಡೆ ಹಾರೋದು, ಕೆಳಗೆ ನಿಂಗೇನ್ ಕಷ್ಟ?" ಅಂದರು. ಮುಂದಿನ ತಿಂಗಳಿಗೂ ಡ್ರೋನಿಗೆ ಹೇಳಿಯಾಗಿದೆ ಎಂದರು.

ನಮ್ಮ ಯಜಮಾನರು ಬೇಡವೆಂದರೂ ಕೇಳದೆ ತಡೆಯಾಜ್ಞೆಗೆ ಅರ್ಜಿ ಹಾಕಿಸಿದೆ. ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಅಣ್ಣನ ಕಡೆಯ ವಕೀಲರು ಎದ್ದು ನಿಂತು, "ಭೂಮಿಗೆ ಪಹಣಿ ಇದೆ ಸ್ವಾಮಿ. ಆಕಾಶಕ್ಕೆ ಯಾರ ಹೆಸರಲ್ಲಿ ಪಹಣಿ ಇದೆ?" ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲಾ ಉರಿಯಿತು. ಆಕಾಶ ಯಾರದಾದರೂ ಇರಲಿ, ಸೊಪ್ಪು ನನ್ನದಲ್ಲವೇ?

ಆಮೇಲೆ ಆ ವಕೀಲರು ನಮ್ಮ ಅರ್ಜಿಯನ್ನೇ ಕೈಗೆತ್ತಿಕೊಂಡರು. ಅದರಲ್ಲಿ "ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಸೊಪ್ಪು ಹಾಕಿದೆ" ಎಂದು ನಾನು ಬರೆಸಿದ್ದೆ. ರೇಷ್ಮೆ ಹುಳು ದೊಡ್ಡದಾಗುವಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಪೊರೆ ಬಿಟ್ಟು ಮತ್ತೆ ಮೇಯಲು ಶುರುಮಾಡಿದರೆ ಜ್ವರ ಎದ್ದಿತು ಅಂತ. ಹುಳು ಸಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ.

"ಅರ್ಜಿದಾರರೇ ಒಪ್ಪಿಕೊಂಡಿದ್ದಾರೆ ಸ್ವಾಮಿ. ಒಂದಲ್ಲ ಎರಡಲ್ಲ, ನಾಲ್ಕು ಸಲ ಜ್ವರ ಬಂದ ಹುಳುಗಳು. ಸಾಯದೆ ಇನ್ನೇನಾಗುತ್ತವೆ? ಡ್ರೋನಿನದ್ದೇನು ತಪ್ಪು?" ಎಂದರು ವಕೀಲರು.

ನ್ಯಾಯಾಧೀಶರು ದೂರದ ಜಿಲ್ಲೆಯವರು, ರೇಷ್ಮೆ ಹುಳು ಕಂಡವರಲ್ಲ. ತಲೆಯಾಡಿಸಿ ಏನೋ ಬರೆದುಕೊಂಡರು. ನಮ್ಮ ವಕೀಲರು ಪೇಟೆಯವರು, ಅರ್ಜಿ ತಿರುವಿ ಹಾಕುತ್ತಾ ತಡವರಿಸಿದರು. ನನ್ನ ಮಾತೇ ನನ್ನ ಕುತ್ತಿಗೆಗೆ ಬಂತು, ಕೇಸು ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಅಣ್ಣ ಎದ್ದು ನಿಂತರು.

"ಸ್ವಾಮಿ, ಅದು ಕಾಯಿಲೆ ಜ್ವರ ಅಲ್ಲ" ಅಂದರು. ಅವರ ವಕೀಲರು ಕೂರುವಂತೆ ಸನ್ನೆ ಮಾಡಿದರು. ಅಣ್ಣ ಕೂರಲಿಲ್ಲ. "ಹುಳ ಪೊರೆ ಬಿಡೋಕೆ ಕೂರ್ತದಲ್ಲ, ಅದನ್ನ ಜ್ವರ ಅಂತೀವಿ. ನಾಕನೇ ಜ್ವರ ಎದ್ದೈತೆ ಅಂದ್ರೆ ಗಟ್ಟಿ ಹುಳ ಅಂತ. ನಮ್ಮವ್ವ ಅಂಥಾ ಹುಳ ನೋಡಿದ್ರೆ ಕೈ ಮುಗೀತಿದ್ಲು. ಅದನ್ನ ರೋಗದ ಹುಳ ಅಂದ್ರೆ ನಂಗೆ ತಡೆಯಕ್ಕಾಗಲ್ಲ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಹಾಗಾದರೆ ಅಂಥ ಗಟ್ಟಿ ಹುಳುಗಳು ಸತ್ತಿದ್ದು ಹೇಗೆ?"

ಅಣ್ಣ ಒಮ್ಮೆ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ, "ಸೊಪ್ಪಿನ ಮೇಲೆ ಔಷಧಿ ಬಿದ್ದಿರ್ಬೇಕು ಸ್ವಾಮಿ" ಅಂದರು.

ಅಲ್ಲಿಯವರೆಗೆ ತಡೆದಿದ್ದ ಅಳು ನನಗೆ ಆಗ ಬಂತು. ಗೆದ್ದೆನೆಂಬ ಖುಷಿಗಲ್ಲ. ನನ್ನ ಅಣ್ಣ ವಾಪಸು ಸಿಕ್ಕಿದ್ದಕ್ಕೆ.

ನ್ಯಾಯಾಧೀಶರ ಸಲಹೆಯಂತೆ ರಾಜಿಯಾಯಿತು. ಡ್ರೋನ್ ಬದು ದಾಟಬಾರದು, ಬದುವಿನ ಪಕ್ಕದ ಸಾಲುಗಳಿಗೆ ಕೈಪಂಪಿನಲ್ಲೇ ಹೊಡೆಯಬೇಕು, ಎರಡು ದಿನ ಮುಂಚೆ ನಮಗೆ ಹೇಳಬೇಕು. ಇಬ್ಬರೂ ಸಹಿ ಹಾಕಿದೆವು. ಕಾಗದದ ಮೇಲಿನ ಮಾತು ಗಾಳಿಯಲ್ಲಿ ನಡೆಯುತ್ತದೆಯೇ ಎಂಬ ಅನುಮಾನ ಮಾತ್ರ ನನಗಿತ್ತು.

ಮುಂದಿನ ಬೆಳೆಯಲ್ಲಿ ಅಣ್ಣ ಒಪ್ಪಿದಂತೆ ಎರಡು ದಿನ ಮುಂಚೆಯೇ ಬಂದು ಹೇಳಿದರು. ನಾನು ಎರಡು ದಿನಕ್ಕಾಗುವಷ್ಟು ಸೊಪ್ಪು ಕೊಯ್ದಿಟ್ಟುಕೊಂಡೆ. ಡ್ರೋನ್ ಅವರ ಚಪ್ಪರದ ಮೇಲೇ ತಿರುಗಿಕೊಂಡು ಹೋಯಿತು. ಉಳಿದ ಸಾಲುಗಳಿಗೆ ಅಣ್ಣನೇ ಬೆನ್ನಿಗೆ ಪಂಪು ಕಟ್ಟಿಕೊಂಡು, ಗಾಳಿ ನಿಂತ ಹೊತ್ತು ನೋಡಿಕೊಂಡು ಹೊಡೆದರು.

ಮೂರನೆಯ ದಿನ ಬದುವಿನ ಪಕ್ಕದ ಗಿಡದಿಂದಲೇ ಒಂದು ಹಿಡಿ ಸೊಪ್ಪು ಕೊಯ್ದೆ. ಹತ್ತು ಹುಳುಗಳನ್ನು ಬೇರೆ ತಟ್ಟೆಗೆ ಹಾಕಿ, ಅವಕ್ಕಷ್ಟೇ ಆ ಸೊಪ್ಪು ಕೊಟ್ಟೆ. ಗಳಿಗೆಗೊಂದು ಸಲ ಹೋಗಿ ನೋಡಿದೆ. ಸಂಜೆ ನೋಡಿದರೆ ತಟ್ಟೆಯಲ್ಲಿ ದಂಟು ಮಾತ್ರ ಉಳಿದಿತ್ತು, ಹತ್ತೂ ಹುಳುಗಳು ಮೇವು ಹುಡುಕುತ್ತಾ ಅಂಚಿಗೆ ಬಂದಿದ್ದವು. ನಾನು ಬುಟ್ಟಿ ತೆಗೆದುಕೊಂಡು ಮತ್ತೆ ಅದೇ ಬದುವಿಗೆ ಹೋದೆ.